ಕ್ಷೇತ್ರದ ಗೆರೆ, ನಾಯಕನ ಹಣೆಬರಹ

ರಾಜಕಾರಣಿಯ ಏಳುಬೀಳುಗಳನ್ನು ರಾಜಧಾನಿಯ ಕನ್ನಡಿಯಲ್ಲಿ ನೋಡುವುದು ನಮ್ಮ ವಾಡಿಕೆ. ಯಾರಿಗೆ ಯಾವ ಖಾತೆ ದೊರೆಯಿತು, ಯಾರು ಯಾರ ಬಣದವರು ಎಂಬುದೇ ಎಲ್ಲೆಡೆಯ ಮಾತು. ಆ ಕನ್ನಡಿಗೆ ಕಾಣದ ಮೂಲೆಯೊಂದುಂಟು. ಅದು ಮತದಾರನ ಹಳ್ಳಿ.

ಕೋರ ಹೋಬಳಿಯನ್ನೇ ನೋಡಿ. ಕಂದಾಯದ ಲೆಕ್ಕದಲ್ಲಿ ಅದು ತುಮಕೂರು ತಾಲ್ಲೂಕಿಗೆ ಸೇರಿದ್ದು. ವಿಧಾನಸಭೆಯ ಲೆಕ್ಕದಲ್ಲಿ ಮಾತ್ರ 2008ರ ಚುನಾವಣೆಯಿಂದ ಕೊರಟಗೆರೆ ಕ್ಷೇತ್ರದ ಪಾಲು. ಹೀಗೆ ಗೆರೆ ಬದಲಾದಾಗ ಇಲ್ಲಿಯ ಜನರ ಕೈಗೆ, ನಾಡಿನ ಪ್ರಮುಖ ನಾಯಕರೊಬ್ಬರ ಭವಿಷ್ಯದ ಒಂದು ಪಾಲೂ ಬಂದಿತು.

ಡಾಕ್ಟರ್ ಜಿ. ಪರಮೇಶ್ವರ ಅವರು 1951ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲಹಳ್ಳಿಯಲ್ಲಿ ಜನಿಸಿದವರು. ತಂದೆ ಎಚ್. ಎಂ. ಗಂಗಾಧರಯ್ಯನವರು ಸಿದ್ಧಾರ್ಥ ವಿದ್ಯಾಸಂಸ್ಥೆಯನ್ನು ಕಟ್ಟಿದ ಮಹನೀಯರು. ಮಗ ಕೃಷಿವಿಜ್ಞಾನವನ್ನು ಓದಿ, ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದರು. 1989ರಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಮಧುಗಿರಿಯಿಂದ ಶಾಸಕರಾದರು. 1999 ಮತ್ತು 2004ರಲ್ಲಿಯೂ ಅಲ್ಲಿಯೇ ಗೆದ್ದರು. ವೀರಪ್ಪ ಮೊಯಿಲಿ ಹಾಗೂ ಎಸ್. ಎಂ. ಕೃಷ್ಣ ಅವರ ಮಂತ್ರಿಮಂಡಲಗಳಲ್ಲಿ ಕೆಲಸಮಾಡಿದರು.

ಬಳಿಕ ಬಂದಿತು ಕ್ಷೇತ್ರಗಳ ಪುನರ್ವಿಂಗಡಣೆ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು. ನೆರೆಯ ಕೊರಟಗೆರೆ ಮೀಸಲು ಕ್ಷೇತ್ರವಾಯಿತು. ಪರಮೇಶ್ವರರು ಕೊರಟಗೆರೆಗೆ ಬಂದು 2008ರಲ್ಲಿ ಗೆದ್ದರು. 2010ರಲ್ಲಿ ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

2013ರ ಮೇ 8ರಂದು ಮತ ಎಣಿಕೆ ನಡೆಯಿತು. ಚುನಾವಣೆ ನಡೆದಿದ್ದ 223 ಸ್ಥಾನಗಳಲ್ಲಿ 121 ಕಾಂಗ್ರೆಸ್ಸಿನ ಪಾಲಾದುವು. ಪಕ್ಷವನ್ನು ಗೆಲ್ಲಿಸಿದ ಅಧ್ಯಕ್ಷರೇ ತಮ್ಮ ಕ್ಷೇತ್ರದಲ್ಲಿ ಜಾತ್ಯತೀತ ಜನತಾದಳದ ಸುಧಾಕರ ಲಾಲ್ ಅವರೆದುರು 18,000ಕ್ಕೂ ಮೀರಿದ ಮತಗಳಿಂದ ಸೋತಿದ್ದರು! ಊರಿಗೆಲ್ಲ ಹಬ್ಬ, ಮನೆಯಲ್ಲಿ ಮೌನ. ಪರಿಶಿಷ್ಟ ಜಾತಿಯವರೊಬ್ಬರು ಕರ್ನಾಟಕದ ಮುಖ್ಯಮಂತ್ರಿಯಾದುದು ಅಲ್ಲಿಯವರೆಗೆ ಇರಲಿಲ್ಲ. ಆ ಮಾತಿನಲ್ಲಿ ಅವರ ಹೆಸರೂ ಕೇಳಿಬರುತ್ತಿತ್ತು. ಶಾಸಕರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಲು ಸಂವಿಧಾನ ಅಡ್ಡಿಮಾಡದು. ಆದರೆ ಸ್ವಂತ ಕ್ಷೇತ್ರದ ಜನ ಒಪ್ಪದವನ ಮಾತಿಗೆ ತೂಕ ಕಡಿಮೆ. ಮೇ 13ರಂದು ಸಿದ್ದರಾಮಯ್ಯನವರು ಪ್ರಮಾಣವಚನ ಸ್ವೀಕರಿಸಿದರು.

ಪರಮೇಶ್ವರರು 2014ರಲ್ಲಿ ವಿಧಾನ ಪರಿಷತ್ತಿಗೆ ಬಂದು, ಮರುವರ್ಷ ಗೃಹಮಂತ್ರಿಗಳಾದರು. ಆದರೂ 2018ರಲ್ಲಿ ಸುರಕ್ಷಿತವಾದ ಬೇರೊಂದು ಕ್ಷೇತ್ರವನ್ನು ಅರಸದೆ, ಸೋಲಿಸಿದ ಜನರ ಮುಂದೆಯೇ ಮತ್ತೆ ನಿಂತರು. ಅದೇ ಎದುರಾಳಿಯನ್ನು 7,000ಕ್ಕೂ ಮಿಗಿಲಾದ ಮತಗಳಿಂದ ಸೋಲಿಸಿ, ಉಪಮುಖ್ಯಮಂತ್ರಿಯಾದರು. 2023ರಲ್ಲಿಯೂ ಗೆದ್ದು, ಗೃಹಖಾತೆಯನ್ನು ಮರಳಿ ಪಡೆದರು.

ದೂರದ ರಷ್ಯಾದಲ್ಲಿ 2004ರ ಕೊನೆಯಲ್ಲಿ ಪ್ರಾಂತ್ಯಗಳ ಗವರ್ನರುಗಳನ್ನು ಜನರೇ ನೇರವಾಗಿ ಆರಿಸುವ ಪದ್ಧತಿಯನ್ನು ರದ್ದುಪಡಿಸಿದರು. 2012ರಲ್ಲಿ ಅದು ಮರಳಿ ಜಾರಿಗೆ ಬರುವವರೆಗೆ, ಪ್ರಾಂತ್ಯದ ನಾಯಕನ ಅಳಿವು ಉಳಿವು ಮಾಸ್ಕೋದ ಕೃಪೆಯನ್ನೇ ಅವಲಂಬಿಸಿತ್ತು. ಜನ ಮುನಿದರೂ ಅರಮನೆ ಒಲಿದರೆ ಸಾಕು!

ನಮ್ಮಲ್ಲಿಯೂ ದೆಹಲಿಯ ವರಿಷ್ಠರ ಮರ್ಜಿ ಸಣ್ಣದೇನಲ್ಲ. ಟಿಕೇಟು ಅಲ್ಲಿಂದ ಬರುತ್ತದೆ, ಮಂತ್ರಿಪದವಿಯ ಪಟ್ಟಿಯೂ ಅಲ್ಲಿಂದ ಬರುತ್ತದೆ. ಆದರೆ ಇವೆರಡರ ನಡುವೆ ಒಂದು ದಿನವಿದೆ. ಅಂದು ಕೋರದ ರೈತನೂ ಕೂಲಿಯ ಹೆಣ್ಣುಮಗಳೂ ಸಾಲಿನಲ್ಲಿ ನಿಂತು ಕೊಟ್ಟ ತೀರ್ಪನ್ನು ಯಾವ ವರಿಷ್ಠರೂ ತಿದ್ದಲಾರರು. ಮತ ಕೇಳಲು ಬಂದವರಿಗೆ ಇದು ಮರೆತುಹೋಗಬಹುದು. ಮತ ಕೊಡುವವರು ಮರೆಯದಿದ್ದರೆ ಸಾಕು.