ಮನೆವಾರ್ತೆ : ಒಂದು ಲೋಟ ಕಾಫಿಯ ಲೆಕ್ಕ

ಮನುಷ್ಯನ ಸ್ವಭಾವವನ್ನು ತಿಳಿಯಬೇಕಾದರೆ ಅವನೊಡನೆ ಪ್ರವಾಸ ಮಾಡಬೇಕೆಂದು ಹಿರಿಯರು ಹೇಳುವರು. ಮನೆಯೊಂದರ ಸ್ವಭಾವವನ್ನು ತಿಳಿಯಲು ಅಷ್ಟು ಶ್ರಮ ಬೇಕಿಲ್ಲ. ಆ ಮನೆಯ ಕಾಫಿಯನ್ನು ಒಮ್ಮೆ ಕುಡಿದರೆ ಸಾಕು. ಯಜಮಾನರ ಧಾರಾಳ, ಯಜಮಾನಿಯ ಅಚ್ಚುಕಟ್ಟು, ಹಾಲಿನವನ ಪ್ರಾಮಾಣಿಕತೆ, ತಿಂಗಳ ಕೊನೆಯ ಬಿಕ್ಕಟ್ಟು, ಎಲ್ಲವೂ ಆ ಒಂದು ಲೋಟದಲ್ಲಿ ಗೋಚರವಾಗುತ್ತವೆ.

ಹೀಗಿರುವಲ್ಲಿ, ಕಾಫಿಯನ್ನು ಯಾವ ವಿಧಾನದಿಂದ ಮಾಡುವುದು ಲೇಸು ಎಂಬ ಪ್ರಶ್ನೆಯನ್ನು ಯಾರೂ ಕ್ಷುಲ್ಲಕವೆಂದು ಭಾವಿಸಬೇಕಾಗಿಲ್ಲ. 2024ರಲ್ಲಿ ರೊಬಸ್ಟಾ ಕಾಫಿಯೂ, 2025ರ ಆರಂಭದಲ್ಲಿ ಅರೇಬಿಕಾ ಕಾಫಿಯೂ ಜಗತ್ತಿನ ಮಾರುಕಟ್ಟೆಯಲ್ಲಿ ಹಿಂದೆಂದೂ ಕಾಣದ ಬೆಲೆಯನ್ನು ಮುಟ್ಟಿದವು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಭಾಗವನ್ನು ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಟ್ಟಗಳಲ್ಲಿ ಬೆಳೆಯುವವರು ನಾವೇ ಆದರೂ, ಆ ಬಿಸಿ ನಮ್ಮ ಅಡುಗೆಮನೆಯ ಡಬ್ಬಿಗೂ ತಟ್ಟದೆ ಹೋಗಲಿಲ್ಲ. ಆದ್ದರಿಂದ ಈ ವಾರ ರುಚಿ, ವೆಚ್ಚ, ಅನುಕೂಲ ಎಂಬ ಮೂರು ಒರೆಗಲ್ಲುಗಳ ಮೇಲೆ ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ವಿಧಾನಗಳನ್ನು ಒಂದೊಂದಾಗಿ ಉಜ್ಜಿ ನೋಡೋಣ.

ಮೊದಲು ಒಂದು ಮೂಲತತ್ತ್ವವನ್ನು ಅರಿತಿರಬೇಕು. ಹುರಿದ ಕಾಫಿಯ ಪುಡಿಯಲ್ಲಿ ನೀರಿಗೆ ಬಿಡತಕ್ಕ ಸಾರ ಸುಮಾರು ನೂರಕ್ಕೆ 30 ಭಾಗ ಮಾತ್ರ; ಉಳಿದದ್ದು ಬರಿಯ ನಾರು. ಆ 30 ಭಾಗವನ್ನೂ ಹಿಂಡಿ ತೆಗೆಯಹೊರಟರೆ ಕಾಫಿ ಕಹಿಯಾಗುತ್ತದೆ. 18ರಿಂದ 22 ಭಾಗದವರೆಗೆ ಸಾರ ಇಳಿದಾಗ ರುಚಿ ಹದವಾಗಿರುತ್ತದೆ. ಅದಕ್ಕೂ ಕಡಮೆಯಾದರೆ ಹುಳಿ ಮುಂದಾಗಿ, ನೀರುನೀರಾಗಿ ತೋರುತ್ತದೆ. ಮೊದಲು ಇಳಿಯುವುದು ಪರಿಮಳ ಮತ್ತು ಹುಳಿ, ಅನಂತರ ಸಿಹಿ, ಕಟ್ಟಕಡೆಗೆ ಕಹಿ ಮತ್ತು ಒಗರು. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಎಲ್ಲ ವಿಧಾನಗಳ ಗುಣದೋಷಗಳೂ ತಾವಾಗಿಯೇ ತಿಳಿಯುತ್ತವೆ.

ಎಲ್ಲಕ್ಕಿಂತ ಹಳೆಯದು ಕುದಿಸಿ ಸೋಸುವ ವಿಧಾನ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರಬ್ಬೀ ನಾಡಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ವಾಚಕರೆಲ್ಲರೂ ಬಲ್ಲರು. ಮಲೆನಾಡಿನ ಮನೆಗಳಲ್ಲಿ ಇಂದಿಗೂ ಬೆಲ್ಲದ ನೀರು ಕುದಿಯುವಾಗ ಪುಡಿ ಹಾಕಿ, ಇಳಿಸಿ, ಬಟ್ಟೆಯಲ್ಲಿ ಸೋಸಿ ಕೊಡುವ ಕಾಫಿ ಮಳೆಗಾಲದ ಬೆಳಗಿಗೆ ಹೇಳಿಸಿದ್ದು. ಒಂದು ಪಾತ್ರೆ, ಒಂದು ತುಂಡು ಹತ್ತಿಬಟ್ಟೆ, ಬೇರೆ ಬಂಡವಾಳವಿಲ್ಲ. ಹತ್ತು ಜನ ನೆಂಟರು ಒಮ್ಮೆಗೇ ಬಂದರೂ ಈ ವಿಧಾನ ಕೈಕೊಡುವುದಿಲ್ಲ. ಇಲ್ಲಿ ಎಚ್ಚರವಿರಬೇಕಾದ ಅಂಶಗಳು ಎರಡು. ಪುಡಿ ಬಿದ್ದ ಮೇಲೆ ನೀರನ್ನು ಕುದಿಸಬಾರದು. ಒಲೆಯಿಂದ ಇಳಿಸಿ, ತಟ್ಟೆ ಮುಚ್ಚಿ, ನಾಲ್ಕೈದು ನಿಮಿಷ ಬಿಟ್ಟು ಸೋಸಬೇಕು. ಕಾಫಿ ಕುದಿಯುವಾಗ ಪರಿಮಳ ಬೀದಿಯವರೆಗೆ ಹಬ್ಬಿತೆಂದು ಕೆಲವರು ಹಿಗ್ಗುವುದುಂಟು. ಬೀದಿಗೆ ಹೋದದ್ದು ಲೋಟದಲ್ಲಿ ಉಳಿಯಲಿಲ್ಲವೆಂಬುದನ್ನು ಅವರು ಯೋಚಿಸಬೇಕು. ಎರಡನೆಯದಾಗಿ, ಸೋಸುವ ಬಟ್ಟೆಯನ್ನು ಸಾಬೂನು ಹಾಕದೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಅದು ಮುಗ್ಗಿದರೆ ಎಂಥ ಪುಡಿಯೂ ಕೆಟ್ಟಂತೆಯೇ ಸರಿ.

ಎರಡನೆಯದು ನಮ್ಮ ಫಿಲ್ಟರು. ಹಿತ್ತಾಳೆಯದಾಗಲಿ ಸ್ಟೀಲಿನದಾಗಲಿ, ಮೇಲೊಂದು ತೂತಿನ ಪಾತ್ರೆ, ಕೆಳಗೊಂದು ಪಾತ್ರೆ, ಪುಡಿಯನ್ನು ಅದುಮಲು ಹಿಡಿಯುಳ್ಳ ತೂತಿನ ಬಿಲ್ಲೆ, ಮೇಲೊಂದು ಮುಚ್ಚಳ; ಇದಕ್ಕಿಂತ ಸರಳವಾದ ಯಂತ್ರ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಬೆಂಕಿಯಿಲ್ಲದೆ, ವಿದ್ಯುತ್ತಿಲ್ಲದೆ, ಭೂಮಿಯ ಆಕರ್ಷಣೆಯೊಂದರಿಂದಲೇ ಇದು ಕೆಲಸ ಮಾಡುತ್ತದೆ. ಮೂರು ಲೋಟಕ್ಕೆ 21 ಗ್ರಾಂ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಸಮಮಾಡಿ, ಕುದಿದು ಇಳಿಸಿ ಅರೆನಿಮಿಷವಾದ ನೀರನ್ನು 150 ಮಿಲಿಲೀಟರು ಹೊಯ್ಯಬೇಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಹೀರಿಕೊಳ್ಳುವುದರಿಂದ ಕೆಳಗೆ ಇಳಿಯುವುದು ನೂರು ಮಿಲಿಲೀಟರಿನಷ್ಟು ಗಟ್ಟಿ ಡಿಕಾಕ್ಷನ್. ಲೋಟಕ್ಕೆ 35 ಮಿಲಿಲೀಟರಿನಂತೆ ಹಂಚಿ, ನೂರು ಮಿಲಿಲೀಟರು ಬಿಸಿ ಹಾಲು ಬೆರೆಸಿದರೆ ಹಾಲೂ ಸೋಲದು, ಕಾಫಿಯೂ ಸೋಲದು. ಇಷ್ಟು ಹಾಲನ್ನು ಎದುರಿಸಿ ನಿಲ್ಲತಕ್ಕ ಗಟ್ಟಿತನ ಬೇರೆ ವಿಧಾನಗಳಲ್ಲಿ ಅಪರೂಪ.

ಇದರ ದೋಷವೆಂದರೆ ಕಾಲ. ಹನಿಹನಿಯಾಗಿ ಇಳಿಯಲು ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ತೂತು ಕಟ್ಟಿಕೊಂಡ ದಿನ, ಆಫೀಸಿಗೆ ಹೊರಟವರು ಫಿಲ್ಟರಿನ ತಲೆಯ ಮೇಲೆ ಮೊಟಕುವ ದೃಶ್ಯ ಯಾವ ಮನೆಗೂ ಹೊಸದಲ್ಲ. ಪುಡಿ ಅತಿ ನುಣ್ಣಗಿದ್ದರೆ, ಅತಿಯಾಗಿ ಅದುಮಿದರೆ, ತೂತುಗಳಲ್ಲಿ ಹಳೆಯ ಚರಟ ಕುಳಿತಿದ್ದರೆ ಹೀಗಾಗುತ್ತದೆ. ವಾರಕ್ಕೊಮ್ಮೆ ಫಿಲ್ಟರಿನ ತಳವನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಬ್ರಷ್ಷಿನಿಂದ ಉಜ್ಜಿದರೆ ತೊಂದರೆ ತಪ್ಪುತ್ತದೆ.

ಪಶ್ಚಿಮದಿಂದ ಬಂದ ಮೂರು ಉಪಕರಣಗಳೂ ಈಗ ನಮ್ಮ ನಗರಗಳ ಮನೆಗಳನ್ನು ಪ್ರವೇಶಿಸಿವೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ, ಮಗನ ಶಾಲಾಪುಸ್ತಕದ ಒತ್ತುಕಾಗದವನ್ನು ತೂತಿನ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದಳು. ಕಾಗದದ ಫಿಲ್ಟರು ಹುಟ್ಟಿದ್ದು ಹೀಗೆ. ಗಸಿಯಿಲ್ಲದ ತಿಳಿ ಕಾಫಿ ಇದರ ಗುಣ. ಹಾಲು ಬೆರೆಸಿದರೆ ಮಾತ್ರ ಅದು ತೀರ ಸಪ್ಪೆ. 1933ರಲ್ಲಿ ಇಟಲಿಯ ಅಲ್ಫೋನ್ಸೊ ಬಿಯಾಲೆಟ್ಟಿಯವರ ಕಾರ್ಖಾನೆಯಿಂದ ಬಂದ ಮೋಕಾ ಪಾತ್ರೆಯಲ್ಲಿ ಕೆಳಗಿನ ನೀರು ಆವಿಯ ಒತ್ತಡದಿಂದ ಪುಡಿಯ ನಡುವೆ ಮೇಲೇರುತ್ತದೆ. ಸುಮಾರು ಐದೇ ನಿಮಿಷಗಳಲ್ಲಿ ನಮ್ಮ ಡಿಕಾಕ್ಷನ್ನಿಗೆ ಸಮೀಪದ ಗಟ್ಟಿ ಕಾಫಿ ದೊರೆಯುವುದರಿಂದ ಹಾಲಿನ ಕಾಫಿ ಪ್ರಿಯರಿಗೆ ಇದು ಒಗ್ಗುತ್ತದೆ. ಗುಳುಗುಳು ಸದ್ದು ಬಂದೊಡನೆ ಇಳಿಸದಿದ್ದರೆ ಸುಟ್ಟ ವಾಸನೆ ಖಂಡಿತ. ಮೂರನೆಯದು ಫ್ರೆಂಚ್ ಪ್ರೆಸ್. ತರಿತರಿಯಾದ ಪುಡಿಯನ್ನು ಬಿಸಿನೀರಿನಲ್ಲಿ ನಾಲ್ಕು ನಿಮಿಷ ನೆನೆಸಿ, ಜರಡಿಯನ್ನು ಕೆಳಕ್ಕೆ ಒತ್ತಿ ಬಗ್ಗಿಸಿಕೊಳ್ಳುವುದು. ಹಾಲಿಲ್ಲದೆ ಕುಡಿಯುವ ಒಬ್ಬಂಟಿಗರಿಗೆ ಇದು ಹೇಳಿಮಾಡಿಸಿದ್ದು.

ಕೊನೆಯದು ಇನ್‌ಸ್ಟಂಟ್ ಅಥವಾ ದಿಢೀರ್ ಕಾಫಿ. 1938ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ನೆಸ್‌ಕೆಫೆ ಮಾರುಕಟ್ಟೆಗೆ ಬಂದಂದಿನಿಂದ ಇದರ ಜೈತ್ರಯಾತ್ರೆ ನಿಂತಿಲ್ಲ. ಇದು ಪುಡಿಯಲ್ಲ, ಕಾರ್ಖಾನೆಯಲ್ಲಿ ಆಗಲೇ ತಯಾರಾದ ಕಾಫಿಯ ನೀರನ್ನು ಆರಿಸಿ ಉಳಿಸಿಕೊಂಡ ಸಾರ. ಅನುಕೂಲದಲ್ಲಿ ಇದನ್ನು ಸರಿಗಟ್ಟುವುದು ಯಾವುದೂ ಇಲ್ಲ. ಪರಿಮಳದ ಬಹುಭಾಗ ಒಣಗಿಸುವಾಗಲೇ ಹಾರಿಹೋಗುವುದರಿಂದ ರುಚಿಯಲ್ಲಿ ಮಾತ್ರ ಇದಕ್ಕೆ ಕೊನೆಯ ಪಂಕ್ತಿ. ಆದರೂ ಮೊಣಕಾಲು ನೋವಿನ ವೃದ್ಧರಿಗೆ, ಪರೀಕ್ಷೆಗೆ ಓದುವ ಹುಡುಗರಿಗೆ, ಅಪರಾತ್ರಿಯಲ್ಲಿ ಬಂದಿಳಿಯುವ ನೆಂಟರಿಗೆ ಇದು ಮಾಡುವ ಉಪಕಾರವನ್ನು ಹೀಗಳೆಯುವುದು ನ್ಯಾಯವಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಾಲು, ಸಕ್ಕರೆಗಳ ಖರ್ಚು ಹೆಚ್ಚುಕಡಮೆ ಎಲ್ಲಕ್ಕೂ ಒಂದೇ ಆದ್ದರಿಂದ ಪುಡಿಯೊಂದನ್ನೇ ತೂಗಿದರೆ ಸಾಕು. ಲೋಟವೊಂದಕ್ಕೆ ಫಿಲ್ಟರಿಗೂ ಬಟ್ಟೆಗೂ 7 ಗ್ರಾಂ, ಮೋಕಾ ಪಾತ್ರೆಗೆ 5ರಿಂದ 6 ಗ್ರಾಂ, ಕಾಗದಕ್ಕೂ ಪ್ರೆಸ್ಸಿಗೂ 9 ಗ್ರಾಂ, ದಿಢೀರ್ ಕಾಫಿಗೆ 2 ಗ್ರಾಂ ಎಂದು ಇಟ್ಟುಕೊಳ್ಳಬಹುದು. ಎರಡು ಗ್ರಾಮೆಂದೊಡನೆ ದಿಢೀರ್ ಕಾಫಿಯೇ ಅಗ್ಗವೆಂದು ನಿರ್ಧರಿಸಬೇಡಿ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ. ಎಂದರೆ, ತಾವು ಕೊಳ್ಳುವ ದಿಢೀರ್ ಪುಡಿಯ ಬೆಲೆ ಫಿಲ್ಟರ್ ಪುಡಿಯ ಬೆಲೆಯ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿದ್ದರೆ ಫಿಲ್ಟರು ಅಗ್ಗ; ಕಡಮೆಯಿದ್ದರೆ ದಿಢೀರ್ ಅಗ್ಗ. ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಕೊಳ್ಳುವವರು ಕಿಲೋ ಲೆಕ್ಕಕ್ಕೆ ಒಮ್ಮೆ ಗುಣಿಸಿ ನೋಡುವುದು ಒಳಿತು.

ಈ ಲೆಕ್ಕದಲ್ಲಿ ಸೇರಬೇಕಾದ ಇನ್ನೊಂದು ಮಹನೀಯರಿದ್ದಾರೆ, ಅವರೇ ಚಿಕೋರಿ. ಇದು ಕಾಫಿಯಲ್ಲ, ಗುಜರಾತಿನ ಜಾಮ್‌ನಗರದ ಕಡೆ ಬೆಳೆಯುವ ಗಿಡವೊಂದರ ಹುರಿದ ಬೇರು. ಇದರಲ್ಲಿ ಕೆಫೀನಿಲ್ಲ. ನೀರಿಗೆ ಬಿಡುವ ಸಾರ ಕಾಫಿಗಿಂತ ಬಹಳ ಹೆಚ್ಚಾದ್ದರಿಂದ ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಕಪ್ಪಗಿರುವುದೆಲ್ಲ ಕಾಫಿಯೂ ಅಲ್ಲವೆಂದು ಸೇರಿಸಬಹುದು. ಸ್ವಲ್ಪ ಚಿಕೋರಿಯ ರುಚಿ ಹಲವರಿಗೆ ಹಿತ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಮೆಯಿರಬಾರದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಿಯಮವಿರುವುದರಿಂದ ಆ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. 51 ಭಾಗದ ಮಿಶ್ರಣವನ್ನು ಶುದ್ಧ ಪುಡಿಯ ಮುಕ್ಕಾಲು ಬೆಲೆಗೆ ಕೊಂಡರೆ, ಬೇರಿನ ಪುಡಿಗೆ ಕಾಫಿಯ ಅರ್ಧ ಬೆಲೆಯನ್ನು ತೆತ್ತಂತಾಯಿತು. ಬಿಡಿ ಪುಡಿ ಕೊಳ್ಳುವವರಿಗೆ ಒಂದು ಪರೀಕ್ಷೆ: ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ಕೆಲಹೊತ್ತು ತೇಲುತ್ತದೆ; ಚಿಕೋರಿ ಕಂದು ಗೆರೆಗಳನ್ನೆಳೆಯುತ್ತ ಬೇಗ ಮುಳುಗುತ್ತದೆ.

ಆರೋಗ್ಯದ ಮಾತೂ ಒಂದಿದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲೂ ಪ್ರೆಸ್ಸಿನ ಕಾಫಿಯಲ್ಲೂ ಅದು ಹೆಚ್ಚು. ಕಾಗದ ಅದನ್ನು ಬಹುಮಟ್ಟಿಗೆ ತಡೆಹಿಡಿಯುತ್ತದೆ. ಲೋಹದ ತೂತುಗಳು ಕಾಗದದಷ್ಟು ತಡೆಯಲಾರವು. ಕೊಲೆಸ್ಟರಾಲಿನ ಬಗ್ಗೆ ವೈದ್ಯರಿಂದ ಎಚ್ಚರಿಕೆ ಪಡೆದವರು, ದಿನಕ್ಕೆ ನಾಲ್ಕೈದು ಸಲ ಕುಡಿಯುವವರಾದರೆ, ಕಾಗದದ ವಿಧಾನವನ್ನು ಪರಿಶೀಲಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದೇ ಇದೆ. ಅದು ಎರಡನೆಯ ಡಿಕಾಕ್ಷನ್ನಿನದು. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದೇ ಚರಟಕ್ಕೆ ಮತ್ತೆ ಬಿಸಿನೀರು ಹೊಯ್ಯುವುದು ನಮ್ಮ ಮಿತವ್ಯಯದ ಹಳೆಯ ಪದ್ಧತಿ. ಒಳ್ಳೆಯ ಸಾರವೆಲ್ಲ ಮೊದಲ ಸಲವೇ ಇಳಿದುಹೋಗುವುದೆಂದು ಆಗಲೇ ನೋಡಿದೆವಷ್ಟೆ. ಎರಡನೆಯ ಸಲ ಬರುವುದು ಬಣ್ಣ, ಕಹಿ, ಒಗರು. ಅದನ್ನು ಮನೆಯಲ್ಲಿ ಕುಡಿಯುವವರು ಯಾರು? ಯಜಮಾನರಿಗೆ ಮೊದಲನೆಯದು, ಅತಿಥಿಗಳಿಗೆ ಮೊದಲನೆಯದು, ಮಕ್ಕಳಿಗೂ ಮೊದಲನೆಯದೇ. ಎಲ್ಲರೂ ಕುಡಿದು ಎದ್ದ ಮೇಲೆ, ಎಲ್ಲರಿಗಿಂತ ಮುಂಚೆ ಎದ್ದು ಹಾಲು ಕಾಯಿಸಿದ ಗೃಹಿಣಿ ಆ ಚರಟದ ನೀರಿಗೆ ಉಳಿದ ಹಾಲು ಬೆರೆಸಿ, ನಿಂತಲ್ಲಿಯೇ ಕುಡಿದು ಮುಗಿಸುತ್ತಾಳೆ. ಕೇಳಿದರೆ, “ನನಗೆ ಇದೇ ರೂಢಿ” ಎನ್ನುತ್ತಾಳೆ. ಬೆಲೆ ಏರಿದಷ್ಟೂ ಈ ರೂಢಿ ಗಟ್ಟಿಯಾಗುತ್ತದೆ.

ಇದರಿಂದ ಆಗುವ ಉಳಿತಾಯವೆಷ್ಟು? ದಿನಕ್ಕೊಂದು ಲೋಟಕ್ಕೆ 7 ಗ್ರಾಮಿನಂತೆ ತಿಂಗಳಿಗೆ 210 ಗ್ರಾಂ; ಎರಡು ಹೊತ್ತಿಗೆ 420 ಗ್ರಾಂ. ಅರ್ಧ ಕಿಲೋ ಕೂಡ ಆಗಲಿಲ್ಲ! ಮನೆಯ ಖರ್ಚನ್ನು ತಗ್ಗಿಸಲೇಬೇಕಾಗಿದ್ದರೆ ಅದಕ್ಕೆ ನ್ಯಾಯವಾದ ಮಾರ್ಗಗಳಿವೆ. ಹದಿನೈದು ದಿನಕ್ಕೆ ಸಾಕಾಗುವಷ್ಟೇ ಪುಡಿಯನ್ನು ಹೊಸದಾಗಿ ಬೀಸಿಸಿ ತಂದು, ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರವಿಡಿ. ತಾಜಾ ಪುಡಿ ಕಡಮೆ ಹಾಕಿದರೂ ಪರಿಮಳ ಕೊಡುತ್ತದೆ. ಅರೇಬಿಕಾದೊಡನೆ ಸ್ವಲ್ಪ ರೊಬಸ್ಟಾ ಬೆರೆಸಿದರೆ ಬೆಲೆಯೂ ತಗ್ಗುತ್ತದೆ, ಗಟ್ಟಿತನವೂ ಬರುತ್ತದೆ. ಕೊಳವೆಬಾವಿಯ ಗಡಸು ನೀರು ರುಚಿಯನ್ನು ಮಂಕಾಗಿಸುವುದರಿಂದ ಕುಡಿಯುವ ಸಿಹಿನೀರನ್ನೇ ಬಳಸಿ. ಹಳಸಿದ ಡಿಕಾಕ್ಷನ್ನನ್ನು ಚೆಲ್ಲುವ ಬದಲು ಬೇಕಾದಷ್ಟನ್ನೇ ಇಳಿಸಿ. ಇವೆಲ್ಲವನ್ನೂ ಮಾಡಿದ ಮೇಲೂ ಸಾಲದಾದರೆ ಎಲ್ಲರ ಲೋಟವೂ ಒಂದಿಷ್ಟು ತೆಳ್ಳಗಾಗಲಿ. ಒಬ್ಬರದು ಮಾತ್ರ ಚರಟದ ನೀರಾಗುವುದು ಬೇಡ.

ಹಾಗಾದರೆ ತೀರ್ಪೇನು? ಮೂರಕ್ಕೆ ಮೇಲ್ಪಟ್ಟು ಜನರಿದ್ದು ಹಾಲಿನ ಕಾಫಿ ಕುಡಿಯುವ ಮನೆಗೆ ಫಿಲ್ಟರೇ ಪಟ್ಟದ ರಾಣಿ. ಹಬ್ಬಹುಣ್ಣಿಮೆಗಳ ಗದ್ದಲಕ್ಕೆ ಸೋಸುವ ಬಟ್ಟೆ. ಇಬ್ಬರೇ ಇದ್ದು ಇಬ್ಬರೂ ಕೆಲಸಕ್ಕೆ ಹೊರಡುವವರಾದರೆ ಮೋಕಾ ಪಾತ್ರೆ. ಹಾಲಿಲ್ಲದೆ ಕುಡಿಯುವವರಿಗೆ ಪ್ರೆಸ್ಸು ಅಥವಾ ಕಾಗದ. ಆಪತ್ತಿಗೆಂದು ದಿಢೀರ್ ಪುಡಿಯ ಸಣ್ಣ ಸೀಸೆಯೊಂದು ಎಲ್ಲರ ಮನೆಯಲ್ಲೂ ಇರಲಿ.

ಯಾವ ವಿಧಾನವನ್ನಾದರೂ ಆರಿಸಿಕೊಳ್ಳಿ. ನಾಳೆ ಬೆಳಗ್ಗೆ ಪುಡಿ ಅಳೆಯುವಾಗ ಮಾತ್ರ ಮನೆಯ ಜನರನ್ನು ಸರಿಯಾಗಿ ಎಣಿಸಿ. ಅಳೆಯುವವರು ತಮ್ಮನ್ನೂ ಎಣಿಕೆಗೆ ಸೇರಿಸಿಕೊಳ್ಳುವುದನ್ನು ಮರೆಯದಿರಲಿ.