ಮೋಟಾರಿನ ಕಂಪನ: ಮೊದಲು ಕಾರಣ, ಆಮೇಲೆ ದುರಸ್ತಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ಹುಲಿಗಿ, ಮುನಿರಾಬಾದ್ ಪರಿಸರದ ಜನರು ಮರೆತಿಲ್ಲ. ಬೃಹತ್ ವ್ಯವಸ್ಥೆಯೊಂದು ಒಂದೇ ಕೊಂಡಿಯನ್ನು ನಂಬಿ ನಿಂತಿರುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳಿಗೂ ಗಿಣಿಗೇರಾ ಸುತ್ತಲಿನ ಉಕ್ಕಿನ ಕಾರ್ಖಾನೆಗಳಿಗೂ ದೊಡ್ಡ ಮೋಟಾರುಗಳೇ ಅಂತಹ ಕೊಂಡಿಗಳು. ಆದರೆ ಮೋಟಾರು ಬಹುತೇಕ ಮುನ್ಸೂಚನೆ ನೀಡಿಯೇ ಕೆಡುತ್ತದೆ. ಆ ಮುನ್ಸೂಚನೆಯೇ ಅಸಹಜ ಕಂಪನ.

ಕಂಪನ ಕಂಡೊಡನೆ ಮೋಟಾರನ್ನು ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಕಳುಹಿಸುವುದು, ಇಲ್ಲವೇ ಬೇರಿಂಗ್ ಬದಲಾಯಿಸುವುದು ಅನೇಕ ಕಡೆ ನಡೆದುಬಂದ ರೂಢಿ. ದೋಷವು ಅಡಿಪಾಯದಲ್ಲಿಯೋ ಫ್ಯಾನಿನಲ್ಲಿಯೋ ಇದ್ದರೆ ಈ ಖರ್ಚು ವ್ಯರ್ಥವಾಗುತ್ತದೆ. ಮರಳಿ ಕೂಡಿಸಿದ ಮೋಟಾರು ಮತ್ತೆ ನಡುಗುತ್ತದೆ.

ಕಾರಣ ಪತ್ತೆಗೆ ಮೊದಲ ಹೆಜ್ಜೆಗಳು ಸರಳ. ಓಡುತ್ತಿರುವ ಮೋಟಾರಿನ ವಿದ್ಯುತ್ತನ್ನು ಕಡಿತಗೊಳಿಸಿದ ಕ್ಷಣವೇ ಕಂಪನ ಮಾಯವಾದರೆ ದೋಷ ವಿದ್ಯುತ್ ಸಂಬಂಧಿಯೆಂದು ಶಂಕಿಸಬೇಕು. ವೇಗದೊಡನೆ ನಿಧಾನವಾಗಿ ತಗ್ಗಿದರೆ ಯಾಂತ್ರಿಕವೆಂದು ಭಾವಿಸಬಹುದು. ಕಪ್ಲಿಂಗ್ ಅಥವಾ ಬೆಲ್ಟ್ ತೆಗೆದು ಮೋಟಾರನ್ನಷ್ಟೇ ಓಡಿಸಿದಾಗ ಕಂಪನ ನಿಂತರೆ, ಹುಡುಕಬೇಕಾದುದು ಜೋಡಣೆಯಲ್ಲಿ ಅಥವಾ ಮುಂದಿನ ಯಂತ್ರದಲ್ಲಿ. ಹೊಟ್ಟು ಉರಿಸುವ ಬಾಯ್ಲರುಗಳ ಫ್ಯಾನಿನ ರೆಕ್ಕೆಗಳಿಗೆ ಬೂದಿ ಮೆತ್ತಿಕೊಂಡು ಸಮತೋಲನ ತಪ್ಪುವುದುಂಟು. ಅದಕ್ಕೆ ರೆಕ್ಕೆಗಳನ್ನು ಶುಚಿಗೊಳಿಸುವುದೇ ಮೊದಲ ಮದ್ದು. ಮೋಟಾರು ನಿಂತಿರುವಾಗ ಪಾದದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಪಾದ ಮೇಲೇಳುವುದೇ ಎಂದು ಡಯಲ್ ಗೇಜಿನಿಂದ ನೋಡಬೇಕು; ಎದ್ದರೆ ಅಡಿಯಲ್ಲಿ ಶಿಮ್ ಕೊಡಬೇಕು.

ಮೂರು ಫೇಸುಗಳ ವೋಲ್ಟೇಜನ್ನೂ ಅಳೆಯುವುದು ಅಗತ್ಯ. ಶೇ. 3.5ರಷ್ಟು ಅಸಮತೋಲನವಿದ್ದರೂ ಮೋಟಾರಿನ ತಾಪದ ಏರಿಕೆ ಸುಮಾರು ಶೇ. 25ರಷ್ಟು ಹೆಚ್ಚಬಹುದು. ಕಂಪನಮಾಪಕವಿದ್ದರೆ ನಿರ್ಣಯ ಇನ್ನೂ ಖಚಿತ. ನಾಲ್ಕು ಪೋಲಿನ ಮೋಟಾರು ಸೆಕೆಂಡಿಗೆ ಸುಮಾರು 25 ಸುತ್ತು ತಿರುಗುತ್ತದೆ. ಅದೇ ಆವರ್ತನದ ಕಂಪನ ಸಾಮಾನ್ಯವಾಗಿ ಅಸಮತೋಲನವನ್ನೂ, ಅದರ ಇಮ್ಮಡಿ ಜೋಡಣೆಯ ಓರೆಯನ್ನೂ, 100 ಹರ್ಟ್ಸ್ ವಿದ್ಯುತ್ ದೋಷವನ್ನೂ ಸೂಚಿಸುತ್ತದೆ. ಗಟ್ಟಿ ಅಡಿಪಾಯದ ಮೇಲಿನ 15ರಿಂದ 300 ಕಿಲೋವ್ಯಾಟ್ ಯಂತ್ರಗಳಿಗೆ, ಐಎಸ್‌ಒ 10816 ಮಾನಕದಂತೆ, ಸೆಕೆಂಡಿಗೆ 4.5 ಮಿಲಿಮೀಟರ್ ಮೀರಿದ ಕಂಪನ ಅಪಾಯದ ವಲಯಕ್ಕೆ ಸೇರುತ್ತದೆ.

ಇದು ಮೇಸ್ತ್ರಿಗೆ ಬಿಡಬೇಕಾದ ವಿಷಯವೆಂದು ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ದುರಸ್ತಿಯ ಬಿಲ್ಲು ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಸುಗ್ಗಿಯ ದಿನಗಳಲ್ಲಿ ಗಿರಣಿ ನಿಂತ ನಷ್ಟಕ್ಕೆ ಪ್ರತ್ಯೇಕ ಖಾತೆಯೇ ಇಲ್ಲ. ಕಳಪೆ ರಿವೈಂಡಿಂಗ್‌ನಿಂದ 100 ಅಶ್ವಶಕ್ತಿಯ ಮೋಟಾರಿನ ದಕ್ಷತೆ ಶೇ. 94ರಿಂದ 93ಕ್ಕೆ ಇಳಿಯಿತೆನ್ನೋಣ. ಪೂರ್ಣ ಭಾರದಲ್ಲಿ ವರ್ಷಕ್ಕೆ 4,000 ತಾಸು ಓಡಿದರೆ ಸುಮಾರು 3,400 ಯೂನಿಟ್ ವಿದ್ಯುತ್ ಹೆಚ್ಚಾಗಿ ವ್ಯಯವಾಗುತ್ತದೆ. ಈ ದಂಡ ಪ್ರತಿ ವರ್ಷವೂ ತಪ್ಪದು. ಯಂತ್ರ ಕೆಟ್ಟುಹೋಗುವುದರ ವಿರುದ್ಧದ ವಿಮೆಯೂ ಹಠಾತ್ ಅವಘಡಕ್ಕೆ ಮೀಸಲಾಗಿದ್ದು, ಕ್ರಮೇಣ ಸವೆತಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕ್ಲೇಮಿನ ಸಂದರ್ಭದಲ್ಲಿ ನಿರ್ವಹಣೆಯ ದಾಖಲೆಯೇ ಮಾಲೀಕನ ಪರ ಸಾಕ್ಷಿ.

ಉಪಕರಣಕ್ಕೂ ನುರಿತವರಿಗೂ ಹಣವೆಲ್ಲಿ ಎಂಬ ಸಣ್ಣ ಉದ್ದಿಮೆದಾರರ ಪ್ರಶ್ನೆ ನ್ಯಾಯವಾದುದೇ. ಒಂದು ಗಿರಣಿಗೆ ಭಾರವಾದುದನ್ನು ಹತ್ತು ಗಿರಣಿಗಳು ಕೂಡಿ ಹೊರಬಹುದು. ವಾಣಿಜ್ಯ ಸಂಸ್ಥೆಗಳು ಇದಕ್ಕೆ ಮುಂದಾಗುವುದು ಒಳಿತು. ಅಲ್ಲಿಯವರೆಗೆ ಪ್ರತಿ ದೊಡ್ಡ ಮೋಟಾರಿಗೊಂದು ವಹಿ ಇಟ್ಟು, ವಾರಕ್ಕೊಮ್ಮೆ ವೋಲ್ಟೇಜು, ಕರೆಂಟು, ಬೇರಿಂಗಿನ ಶಾಖ ಹಾಗೂ ಕಂಪನವನ್ನು ಬರೆದಿಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ನಗದು ವಹಿಯನ್ನು ದಿನವೂ ತಾಳೆ ನೋಡುವ ವರ್ತಕನಿಗೆ ಈ ಶಿಸ್ತು ಹೊಸದೇನಲ್ಲ.