ಮೈಯಲ್ಲಿ ತಾಮ್ರ ಉಳಿದರೆ

ಹೈಸ್ಕೂಲು ಹುಡುಗಿಯ ಕೈಬರಹ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಮಾತು ತೊದಲುತ್ತದೆ, ಜೊಲ್ಲು ಸೋರುತ್ತದೆ, ಲೋಟ ಹಿಡಿದ ಕೈ ನಡುಗುತ್ತದೆ. ಶಾಲೆಯವರು ಸೋಮಾರಿತನ ಎನ್ನುತ್ತಾರೆ, ಊರವರು ಗಾಳಿ ಸೋಕಿದೆ ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಅದೇ ಕಾಯಿಲೆ ಕಾಮಾಲೆಯಾಗಿ ಕಾಣಿಸಿಕೊಂಡು, ನಾಟಿ ಮದ್ದಿನಲ್ಲೇ ತಿಂಗಳುಗಳು ಕಳೆಯುತ್ತವೆ. ಎರಡೂ ಕಡೆ ಕಾರಣ ಒಂದೇ: ಮೈಯಲ್ಲಿ ಉಳಿದುಹೋದ ತಾಮ್ರ. ಇದಕ್ಕೆ ವಿಲ್ಸನ್ ಕಾಯಿಲೆ ಎಂದು ಹೆಸರು.

ಚೂರು ತಾಮ್ರ ಎಲ್ಲರಿಗೂ ಬೇಕು. ಊಟದಲ್ಲಿ ಬಂದು ಮಿಕ್ಕಿದ್ದನ್ನು ಯಕೃತ್ತು ಪಿತ್ತರಸಕ್ಕೆ ಸೇರಿಸಿ ಹೊರಗೆ ಕಳಿಸುತ್ತದೆ. ಈ ಕೆಲಸ ನೋಡಿಕೊಳ್ಳುವ ಎಟಿಪಿ7ಬಿ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ರೂಪದಲ್ಲೇ ಬಂದಿದ್ದರೆ ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೆದುಳಿನಲ್ಲಿ ಸೇರಿಕೊಳ್ಳುತ್ತದೆ. ಎಷ್ಟೋ ರೋಗಿಗಳ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಉಂಗುರ ಮೂಡುತ್ತದೆ.

ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದಾಗ ಮದ್ದೇ ಇರಲಿಲ್ಲ. 1956ರಲ್ಲಿ ಬ್ರಿಟಿಷ್ ವೈದ್ಯ ಜಾನ್ ವಾಲ್ಶ್ ಪೆನಿಸಿಲಮೈನ್ ಬಳಕೆಯನ್ನು ಜಗತ್ತಿಗೆ ತಿಳಿಸಿದರು. ಅದು ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುತ್ತದೆ. ಅದು ಒಗ್ಗದವರಿಗೆ ಟ್ರೈಯೆಂಟಿನ್ ಇದೆ. ಸತುವಿನ ಮಾತ್ರೆ ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಬೇಗ ಶುರುಮಾಡಿ, ಬಿಡದೆ ನುಂಗಿದವರಲ್ಲಿ ಬಹಳ ಮಂದಿ ಓದಿ, ದುಡಿದು, ಸಂಸಾರ ಹೂಡಿ ಎಲ್ಲರಂತೆ ಬದುಕುತ್ತಾರೆ. ವಂಶದಿಂದ ಬಂದ ಎಷ್ಟು ಕಾಯಿಲೆಗಳ ಬಗ್ಗೆ ಈ ಮಾತು ಹೇಳಬಹುದು?

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಅನುಭವ ನಮ್ಮ ರಾಜ್ಯದಲ್ಲೇ ಇದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯೂ ಇಲ್ಲೇ ಇದೆ. ಒಂದೇ ರಕ್ತದಲ್ಲಿ ಮದುವೆಯಾದಾಗ ಇಂಥ ಜೀನುಗಳು ಜೋಡಿಯಾಗುವ ಸಂಭವ ಹೆಚ್ಚು. ಮನೆಯ ಒಂದು ಮಗುವಿಗೆ ಕಾಯಿಲೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ತಾಮ್ರದ ಇನ್ನೊಂದು ಪಾಠವನ್ನು ನಮ್ಮ ದೇಶ ಆಗಲೇ ಕಲಿತಿದೆ. ಎಳೆಯ ಮಕ್ಕಳ ಯಕೃತ್ತನ್ನು ಹಾಳುಮಾಡಿ ಜೀವ ತೆಗೆಯುತ್ತಿದ್ದ ಒಂದು ಬಗೆಯ ಸಿರೋಸಿಸ್‌ಗೂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿಗೂ ನಂಟಿರುವುದನ್ನು 1980ರ ದಶಕದಲ್ಲಿ ಪುಣೆಯ ವೈದ್ಯರು ಮತ್ತು ಅವರ ಬ್ರಿಟಿಷ್ ಜೊತೆಗಾರರು ತೋರಿಸಿದರು. ಪಾತ್ರೆಗಳು ಬದಲಾದವು, ಕಾಯಿಲೆ ಅಪರೂಪವಾಯಿತು.

ಹಾಗೆಂದು ಪ್ರತಿ ದೀರ್ಘ ಕಾಯಿಲೆಗೂ ಲೋಹವೇ ಮೂಲ ಎಂದು ಹೇಳಿ, ಡಿಟಾಕ್ಸ್ ಹೆಸರಿನಲ್ಲಿ ಡ್ರಿಪ್ ಹಾಕುವುದು ತಪ್ಪು. ಲೋಹ ಇಳಿಸುವ ಡ್ರಿಪ್ ಹೃದಯಾಘಾತ ಕಂಡ ಮಧುಮೇಹಿಗಳಿಗೆ ನೆರವಾದೀತೇ ಎಂದು ಪರೀಕ್ಷಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು: ರಕ್ತದ ಸೀಸ ಇಳಿಯಿತು, ಹೃದಯಕ್ಕೆ ಲಾಭವಾಗಲಿಲ್ಲ. 2005ರಲ್ಲಿ ಅಲ್ಲಿನ ಪೆನ್ಸಿಲ್ವೇನಿಯಾದಲ್ಲಿ ಆಟಿಸಂಗೆಂದು ಇಂಥ ಚಿಕಿತ್ಸೆ ಕೊಡಿಸಿದ ಬಾಲಕನೊಬ್ಬ ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡ. ಪರೀಕ್ಷೆಯಿಲ್ಲದೆ ಲೋಹ ತೆಗೆಯುವ ಚಿಕಿತ್ಸೆಗೆ ಯಾರೂ ಒಪ್ಪಬಾರದು.

ವಿಲ್ಸನ್ ಕಾಯಿಲೆಗೆ ಬೇಕಾದ್ದು ಕಣ್ಣಿನ ತಪಾಸಣೆ, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಅಳತೆ, 24 ಗಂಟೆಯ ಮೂತ್ರದಲ್ಲಿ ತಾಮ್ರದ ಲೆಕ್ಕ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದಕ್ಕೆ ವ್ಯವಸ್ಥೆ ಆಗಬೇಕು, ಮಾತ್ರೆಗಳು ಒಂದು ತಿಂಗಳೂ ತಪ್ಪದೆ ಉಚಿತವಾಗಿ ಸಿಗಬೇಕು. ಏಕೆಂದರೆ ಆರಾಮವಾಯಿತೆಂದು ಮದ್ದು ಬಿಟ್ಟವರ ಯಕೃತ್ತು ಇದ್ದಕ್ಕಿದ್ದಂತೆ ಕೈಕೊಟ್ಟ ಉದಾಹರಣೆಗಳಿವೆ. ಈಗಾಗಲೇ ಒಂದು ಮಗುವಿಗೆ ಕಾಯಿಲೆ ಗೊತ್ತಾಗಿರುವ ಮನೆಯವರು, ಉಳಿದ ಮಕ್ಕಳು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ, ಅವರನ್ನು ತಡಮಾಡದೆ ಪರೀಕ್ಷೆ ಮಾಡಿಸಿ.